ಆದಿಲಶಾಹಿ ನಾಡಿನ ಮೊದಲ ಧರ್ಮಾಧ್ಯಕ್ಷರು

ಸಾವಳಗಿ, ಜಮಖಂಡಿಯ ಕಡೆಯಿಂದ ವಿಜಯಪುರಕ್ಕೆ ಹೊರಟವರಿಗೆ ಊರು ಸಮೀಪಿಸುವ ಮೊದಲೇ ಗೋಳಗುಮ್ಮಟ ಕಾಣಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ನಾವು ಏಳು ಸಲ ಮರುದನಿ ಕೊಡುವ ಗ್ಯಾಲರಿಯನ್ನು ತೋರಿಸುತ್ತೇವೆ, ಮುಹಮ್ಮದ್ ಆದಿಲ್ ಶಾಹನ ಗೋರಿಯನ್ನು ತೋರಿಸುತ್ತೇವೆ, ಹೊರಗೆ ಬಂದು ಕಡಲೆಕಾಯಿ ಕೊಡಿಸುತ್ತೇವೆ. ಆದರೆ ಇದೇ ಸುಲ್ತಾನನ ಕಾಲದಲ್ಲಿ, ಇದೇ ರಾಜ್ಯದ ಹೆಸರಿನಲ್ಲಿ, ಒಬ್ಬ ಕಥೋಲಿಕ ಧರ್ಮಾಧ್ಯಕ್ಷರು ನೇಮಕಗೊಂಡಿದ್ದರು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಮಕ್ಕಳಿಗೆ ಹೇಳಿದ್ದೇವೆ? ಅವರು ಬಿಳಿಯರಲ್ಲ, ಪರದೇಶದವರೂ ಅಲ್ಲ. ನಮ್ಮ ನೆರೆಯ ಗೋವೆಯ ಮಣ್ಣಿನ ಮಗ. ಲ್ಯಾಟಿನ್ ವಿಧಿಯಲ್ಲಿ ಧರ್ಮಾಧ್ಯಕ್ಷ ಪದವಿಗೇರಿದ ಮೊದಲ ಭಾರತೀಯ. ಅವರ ಹೆಸರು ಮಾತೆವುಸ್ ದೆ ಕಾಸ್ತ್ರೊ.

ಯೂರೋಪಿನಲ್ಲಿ, ಅದರಲ್ಲೂ ಜರ್ಮನಿಯ ಟ್ರಿಯರ್, ಮೈಂಜ್, ಕೊಲೋನ್‌ನಂಥ ಪುರಾತನ ಧರ್ಮಪ್ರಾಂತ್ಯಗಳಲ್ಲಿ, ಮೊದಲ ಶತಮಾನಗಳಿಂದ ಇಂದಿನವರೆಗಿನ ಧರ್ಮಾಧ್ಯಕ್ಷರ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡಿದ್ದಾರೆ. ಪ್ರೇಷಿತರಿಂದ ಹರಿದು ಬಂದ ಅಧಿಕಾರದ ಸರಪಳಿ ಅದು ಎಂದು ಅವರಿಗೆ ಹೆಮ್ಮೆ. ನಮ್ಮ ಉತ್ತರ ಕರ್ನಾಟಕಕ್ಕೂ ಅಂಥದೊಂದು ಸರಪಳಿ ಇದೆ. ಅದು ಅಷ್ಟು ಉದ್ದವಲ್ಲ, ನಡುನಡುವೆ ಕೊಂಡಿಗಳು ಕಳಚಿವೆ. ಆದರೂ ಅದರ ಮೊದಲ ಕೊಂಡಿ ಇರುವುದು 1637ರಲ್ಲಿ. ಆ ಕೊಂಡಿಯ ಕಥೆ ಸುಖದ ಕಥೆಯಲ್ಲ. ಅದು ಅವಮಾನದ, ಹಟದ, ಕೋಪದ ಕಥೆ. ಜೊತೆಗೆ ಕೊನೆಯವರೆಗೂ ಕೈಬಿಡದ ದೈವಕರೆಯ ಕಥೆ.

ದ್ವೀಪದ ಹುಡುಗ

ಹಳೆಯ ಗೋವೆಯ ಎದುರಿಗೆ, ಮಾಂಡವಿ ನದಿಯ ನಡುವೆ, ದಿವಾಡಿ ಎಂಬ ದ್ವೀಪವಿದೆ. ನಮ್ಮ ಕನ್ನಡ ನಾಡಿಗೂ ಆ ದ್ವೀಪಕ್ಕೂ ಹಳೆಯ ನಂಟು. ಗೋವೆಯ ಕದಂಬ ಅರಸರ ಕುಲದೈವ ಸಪ್ತಕೋಟೀಶ್ವರನ ಗುಡಿ ಇದ್ದದ್ದು ಅಲ್ಲಿಯೇ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಬಿಜಾಪುರದವರಿಂದ ಕಿತ್ತುಕೊಂಡ ಮೇಲೆ ದ್ವೀಪದ ಚಿತ್ರವೇ ಬದಲಾಯಿತು. ಗುಡಿ ಕೆಡವಲ್ಪಟ್ಟಿತು. ಅದರ ದೇವರು ನದಿ ದಾಟಿ ಡಿಚೋಲಿಯ ನಾರ್ವೆಗೆ ಹೋಯಿತು. ದ್ವೀಪದ ಬಹುತೇಕ ಮನೆಗಳು ದೀಕ್ಷಾಸ್ನಾನ ಪಡೆದವು. ನದಿಯ ಈಚೆ ದಡ ಪೋರ್ಚುಗೀಸರದು, ಆಚೆ ಡಿಚೋಲಿ ಬಿಜಾಪುರದ್ದು. ಈ ಗಡಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಈ ಗಡಿಯ ಮೇಲೆಯೇ ನಡೆಯುತ್ತದೆ.

1594ರ ಸುಮಾರಿಗೆ ಈ ದ್ವೀಪದ ಕ್ರೈಸ್ತ ಬ್ರಾಹ್ಮಣ ಮನೆತನವೊಂದರಲ್ಲಿ ಮಾತೆವುಸ್ ಹುಟ್ಟಿದರು. ಮಹಾಲೊ ಎಂಬುದು ಅವರ ಮನೆತನದ ಹೆಸರು. ಹುಡುಗ ಚುರುಕು. ಬಾರ್ದೇಸಿನ ರೈಸ್ ಮಾಗೋಸ್‌ನಲ್ಲಿ ಫ್ರಾನ್ಸಿಸ್ಕನ್ ಗುರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದರು. ಲ್ಯಾಟಿನ್ ಕಲಿತರು. ಬಲಿಪೀಠದ ಬಳಿ ನಿಂತವರ ಮನಸ್ಸಿನಲ್ಲಿ ಮೂಡುವ ಆಸೆ ಅವರಲ್ಲೂ ಮೂಡಿತು: ತಾನೂ ಗುರುವಾಗಬೇಕು.

ಇಂದು ನಮ್ಮ ಮನೆಯ ಹುಡುಗನೊಬ್ಬ ಹೀಗೆ ಹೇಳಿದರೆ ಮನೆಯವರೆಲ್ಲ ಸಂತೋಷಪಡುತ್ತಾರೆ, ವಿಚಾರಣೆ ಗುರುಗಳು ಕಾಗದ ಬರೆದುಕೊಡುತ್ತಾರೆ, ಗುರುಮಠದ ಬಾಗಿಲು ತೆರೆಯುತ್ತದೆ. ಆಗ ಹಾಗಿರಲಿಲ್ಲ. ಸನ್ಯಾಸಿ ಸಭೆಗಳು ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸ್ಥಳೀಯರಲ್ಲಿ ಕೆಲವರಿಗೆ ಗುರುಪಟ್ಟ ಸಿಕ್ಕಿದ್ದರೂ ಅವರಿಗೆ ಸಿಗುತ್ತಿದ್ದದ್ದು ಕೆಳಗಿನ ಸ್ಥಾನವೇ. 1612ರಿಂದ 1622ರವರೆಗೆ ಗೋವೆಯ ಮಹಾಧರ್ಮಾಧ್ಯಕ್ಷರಾಗಿದ್ದ ಕ್ರಿಸ್ತೊವಾವ್ ದೆ ಸಾ ಅವರಿಗೆ ಈ ನಾಡಿನವರನ್ನು ಗುರುಪಟ್ಟಕ್ಕೆ ಏರಿಸುವ ಮನಸ್ಸೇ ಇರಲಿಲ್ಲ. ಮಾತೆವುಸ್ ಬಾಗಿಲು ತಟ್ಟಿದರು, ಬಾಗಿಲು ತೆರೆಯಲಿಲ್ಲ. ಓದಿನಲ್ಲಿ ಕೊರತೆಯಿತ್ತೆಂದಲ್ಲ, ನಡತೆಯಲ್ಲಿ ದೋಷವಿತ್ತೆಂದಲ್ಲ. ಹುಟ್ಟಿದ ನೆಲವೇ ಅಡ್ಡಿಯಾಯಿತು.

ಕಾಲ್ನಡಿಗೆಯ ರೋಮ್

ಇಂಥ ನಿರಾಕರಣೆ ಬಂದಾಗ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಒಂದು, ಸುಮ್ಮನಾಗಿ ಮನೆಗೆ ಹೋಗಿ ಹೊಲ ಮನೆ ನೋಡಿಕೊಳ್ಳುವುದು. ಇನ್ನೊಂದು, ಧರ್ಮಸಭೆಯ ಮೇಲೆಯೇ ಮುನಿಸಿಕೊಂಡು ದೂರವಾಗುವುದು. ಮಾತೆವುಸ್ ಮೂರನೆಯ ದಾರಿ ಹಿಡಿದರು. ಗೋವೆಯ ಬಾಗಿಲು ಮುಚ್ಚಿದ್ದರೆ ರೋಮಿನ ಬಾಗಿಲನ್ನೇ ತಟ್ಟುವುದೆಂದು ಹೊರಟುಬಿಟ್ಟರು.

ಪೋರ್ಚುಗೀಸರ ಹಡಗು ಅವರಿಗೆ ಸಿಗುವಂತಿರಲಿಲ್ಲ. ಪರ್ಷಿಯಾದ ಮೂಲಕ ಭೂಮಾರ್ಗವಾಗಿ, ಮರುಭೂಮಿಗಳನ್ನು ದಾಟಿ, ವ್ಯಾಪಾರಿಗಳ ತಂಡಗಳ ಜೊತೆ ಹೋಗುವ ದಾರಿಯೊಂದೇ ಉಳಿದಿತ್ತು. ಅದು ತಿಂಗಳುಗಟ್ಟಲೆಯ ಪಯಣ. ರೋಗ, ಕಳ್ಳರು, ಭಾಷೆ ಬಾರದ ಊರುಗಳು. 1625ರಲ್ಲಿ ಅವರು ರೋಮ್ ತಲುಪಿದರು.

ಅವರು ಹೋದ ಕಾಲವೂ ಹದವಾಗಿತ್ತು. ಪೂರ್ವದ ನಾಡುಗಳಲ್ಲಿ ಧರ್ಮಸಭೆಯ ಆಡಳಿತವನ್ನು ಪೋಪರು ಹಿಂದೆಯೇ ಪೋರ್ಚುಗಲ್ ಅರಸರ ಪೋಷಣೆಗೆ ಬಿಟ್ಟುಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಚರ್ಚು ಕಟ್ಟಿಸುವ, ಗುರುಗಳನ್ನು ಕಳಿಸುವ ಖರ್ಚು ಅರಸರದು. ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕೂ ಅವರದೇ. ಕಾಲ ಕಳೆದಂತೆ ಧರ್ಮಕಾರ್ಯ ಯಾವುದು, ರಾಜಕಾರ್ಯ ಯಾವುದು ಎಂದು ಬಿಡಿಸಲಾಗದಷ್ಟು ಎರಡೂ ಹೆಣೆದುಕೊಂಡವು. ಇದನ್ನು ಸರಿಪಡಿಸಲು ಪೋಪ್ 15ನೇ ಗ್ರೆಗೋರಿ 1622ರಲ್ಲಿ ಧರ್ಮಪ್ರಸಾರಕ್ಕೆಂದೇ ಪ್ರೊಪಗಾಂಡ ಫಿದೆ ಎಂಬ ಮಹಾಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿ. ಆಯಾ ನಾಡಿನಲ್ಲಿ ಆಯಾ ನಾಡಿನವರೇ ಗುರುಗಳಾಗಬೇಕು, ಹಾಗಾದರೆ ಮಾತ್ರ ವಿಶ್ವಾಸ ಬೇರೂರುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಆದರೆ ಅದನ್ನು ಸಾಧಿಸಿ ತೋರಿಸಲು ಅವರಿಗೊಬ್ಬ ಮನುಷ್ಯ ಬೇಕಿತ್ತು. ಸಾವಿರಾರು ಮೈಲಿ ದಾರಿ ಸವೆಸಿ ಆ ಮನುಷ್ಯ ತಾನಾಗಿಯೇ ಬಂದು ನಿಂತಿದ್ದ.

ಮಾತೆವುಸ್ ರೋಮಿನಲ್ಲಿ ದೈವಶಾಸ್ತ್ರ ಓದಿದರು. 1630ರ ಸುಮಾರಿಗೆ ಗುರುದೀಕ್ಷೆ ಪಡೆದರು. ತಮ್ಮ ಊರಿನಲ್ಲಿ ಸಿಗದದ್ದು ಕ್ರೈಸ್ತಲೋಕದ ರಾಜಧಾನಿಯಲ್ಲಿ ಸಿಕ್ಕಿತು. ಆಗ ಅವರಿಗೆ ಮೂವತ್ತೈದು ದಾಟಿತ್ತು.

ಕಾಗದ ತಂದರೂ ಬಾಗಿಲು ತೆರೆಯಲಿಲ್ಲ

1633ರಲ್ಲಿ ಅವರು ಗೋವೆಗೆ ಹಿಂತಿರುಗಿದರು. ಕೈಯಲ್ಲಿ ರೋಮಿನ ಅಧಿಕಾರಪತ್ರಗಳಿದ್ದವು. ಮಗ ಗುರುವಾಗಿ ಬಂದನೆಂದು ಸ್ವಂತ ಜನ ಸಂತೋಷಪಟ್ಟಿರಬೇಕು. ಅಧಿಕಾರಿಗಳಿಗೆ ಮಾತ್ರ ಸಂತೋಷವಾಗಲಿಲ್ಲ. ಲಿಸ್ಬನ್ನಿನ ಒಪ್ಪಿಗೆ ಇಲ್ಲದ ಪತ್ರಗಳಿಗೆ ಇಲ್ಲಿ ಬೆಲೆಯಿಲ್ಲ ಎಂಬುದು ಅವರ ವಾದ. ರೋಮ್ ಕೊಟ್ಟ ಅಧಿಕಾರವನ್ನು ಗೋವೆಯಲ್ಲಿ ನಡೆಸಲು ಅವಕಾಶ ಸಿಗಲಿಲ್ಲ. ಮಾತೆವುಸ್ ಮತ್ತೆ ರೋಮಿನ ದಾರಿ ಹಿಡಿದರು.

ಈ ಸಲ ಪ್ರೊಪಗಾಂಡ ಯಾರೂ ಎಣಿಸದ ಹೆಜ್ಜೆ ಇಟ್ಟಿತು. 1637ರಲ್ಲಿ ಮಾತೆವುಸ್ ಅವರಿಗೆ ರೋಮಿನಲ್ಲಿ, ಸದ್ದಿಲ್ಲದೆ, ಧರ್ಮಾಧ್ಯಕ್ಷ ದೀಕ್ಷೆ ನೀಡಲಾಯಿತು. ಅವರಿಗೆ ಕ್ರಿಸೋಪೊಲಿಸ್ ಎಂಬ ಹಳೆಯ, ಆಗ ಕ್ರೈಸ್ತರೇ ಇಲ್ಲದ ಊರಿನ ಬಿರುದು ಕೊಟ್ಟರು. ನಿಜವಾದ ಹೊಣೆ ಇದ್ದದ್ದು ಬಿಜಾಪುರದ್ದು. ಆದಿಲ್ ಖಾನ್ ಎಂಬ ಹೆಸರನ್ನು ಪೋರ್ಚುಗೀಸರು ಇದಲ್ಕಾವ್ ಎನ್ನುತ್ತಿದ್ದರು. ಹೀಗಾಗಿ ರೋಮಿನ ದಾಖಲೆಗಳಲ್ಲಿ ಅವರು ಇದಲ್ಕಾನ್ ರಾಜ್ಯದ ವಿಕಾರ್ ಅಪೋಸ್ತಲಿಕ್. ಎಂದರೆ ಪೋಪರ ಪರವಾಗಿ, ಅವರ ಹೆಸರಿನಲ್ಲಿಯೇ, ಒಂದು ನಾಡನ್ನು ನೋಡಿಕೊಳ್ಳುವ ಧರ್ಮಾಧ್ಯಕ್ಷರು. ಪದ್ರುವಾದೊ ಹಕ್ಕು ಪೋರ್ಚುಗೀಸರ ಕೈಯಲ್ಲಿದ್ದ ನೆಲದಲ್ಲಿ ಮಾತ್ರ ನಡೆಯಬೇಕು, ಬಿಜಾಪುರ ಸ್ವತಂತ್ರ ರಾಜ್ಯವಾದ್ದರಿಂದ ಅಲ್ಲಿಗೆ ತಾವೇ ನೇರವಾಗಿ ಧರ್ಮಾಧ್ಯಕ್ಷರನ್ನು ಕಳಿಸಬಹುದು ಎಂಬುದು ರೋಮಿನ ಲೆಕ್ಕ. ಹಾಗೆ ನೋಡಿದರೆ ಸಾವಳಗಿ, ಜಮಖಂಡಿ, ಮುಧೋಳ, ಬೀಳಗಿ, ಬಾಗಲಕೋಟೆ ಎಲ್ಲವೂ ಕಾಗದದ ಮೇಲೆ ಅವರ ಪ್ರಾಂತ್ಯ.

ಕಾಗದದ ಮೇಲೆ ಎಂದು ಬೇಕೆಂದೇ ಬರೆದಿದ್ದೇನೆ. ಕೃಷ್ಣಾ, ಘಟಪ್ರಭೆಯ ದಡದ ಈ ಊರುಗಳಲ್ಲಿ ಆಗ ಅವರ ಮಂದೆ ಇರಲಿಲ್ಲ. ಅವರ ಜನ ಇದ್ದದ್ದು ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಗೋವೆಗೆ ಹತ್ತಿದ ಊರುಗಳಲ್ಲಿ. ಅವರು ನೆಲೆಸಿದ್ದೂ ಡಿಚೋಲಿಯಲ್ಲಿ, ಅಂದರೆ ತಾವು ಹುಟ್ಟಿದ ದಿವಾಡಿಯಿಂದ ನದಿ ದಾಟಿದರೆ ಸಿಗುವ ಬಿಜಾಪುರದ ನೆಲದಲ್ಲಿ. ತಮ್ಮ ಮನೆಯ ಎದುರು ದಡದಲ್ಲಿ ನಿಂತು ಧರ್ಮಾಧ್ಯಕ್ಷರಾಗಿ ಕೆಲಸ ಮಾಡಬಹುದು, ಮನೆಯ ದಡದಲ್ಲಿ ಮಾಡುವಂತಿಲ್ಲ. ಎಂಥ ವಿಚಿತ್ರ ಪರಿಸ್ಥಿತಿ!

ಸುಲ್ತಾನನ ಒಪ್ಪಿಗೆ

ಹೊಸ ಧರ್ಮಾಧ್ಯಕ್ಷರು ಹಿಂತಿರುಗಿ ಬಂದು ತಮ್ಮ ಪತ್ರಗಳನ್ನು ತೋರಿಸಿದಾಗ ಗೋವೆಯ ಆಡಳಿತ ಅವುಗಳನ್ನು ಮಾನ್ಯ ಮಾಡಲಿಲ್ಲ. ಅವರಿಂದ ಗುರುಪಟ್ಟ ಪಡೆದ ಸ್ಥಳೀಯ ಗುರುಗಳನ್ನೂ ಒಪ್ಪಲಿಲ್ಲ. ಇಥಿಯೋಪಿಯಾದಿಂದ ಹೊರದೂಡಲ್ಪಟ್ಟು ಗೋವೆಯಲ್ಲಿ ನೆಲೆಸಿದ್ದ ಪೇಟ್ರಿಯಾರ್ಕ್ ಅಫೊನ್ಸೊ ಮೆಂದೆಸ್ ಅವರಂತೂ ಮಾತೆವುಸರ ಮೈಬಣ್ಣವನ್ನೇ ಹಿಡಿದು, ಇಲ್ಲಿ ಬರೆಯಲು ಸಂಕೋಚವಾಗುವ ಮಾತುಗಳಿಂದ ಹೀಯಾಳಿಸಿದರು. ಬಲಿಪೀಠದ ಮುಂದೆ ಒಂದೇ ರೊಟ್ಟಿಯನ್ನು ಮುರಿಯುವ ಇಬ್ಬರು ಧರ್ಮಾಧ್ಯಕ್ಷರ ನಡುವೆ ಇಂಥ ಮಾತು ಬಂದಿತೆಂಬುದು ನಮ್ಮ ಇತಿಹಾಸದ ನೋವಿನ ಪುಟ. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಸ್ವಧರ್ಮದವರು ಮುಚ್ಚಿದ ಬಾಗಿಲನ್ನು ಅನ್ಯಧರ್ಮದ ಅರಸ ತೆರೆದ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹ ತನ್ನ ರಾಜ್ಯದಲ್ಲಿ ಚರ್ಚು ಕಟ್ಟಿಕೊಳ್ಳಲು ಮಾತೆವುಸರಿಗೆ ಅನುಮತಿ ನೀಡಿದ. ಡಿಚೋಲಿಯಲ್ಲಿ, ಬಾಂದಾದಲ್ಲಿ, ವೆಂಗುರ್ಲೆಯಲ್ಲಿ ದೇವಾಲಯಗಳು ಎದ್ದವು. ಸುಲ್ತಾನನಿಗೂ ಇದರಲ್ಲಿ ತನ್ನದೇ ಲೆಕ್ಕವಿದ್ದಿರಬಹುದು; ಪೋರ್ಚುಗೀಸರಿಗೆ ಬಗ್ಗದ ಕ್ರೈಸ್ತ ಗುರುವೊಬ್ಬ ತನ್ನ ನೆಲದಲ್ಲಿರುವುದು ಅವನಿಗೆ ಬೇಡವಾಗಿರಲಿಲ್ಲ. ಹಾಗಿದ್ದರೂ ಅನುಮತಿ ಅನುಮತಿಯೇ. ಮುಂದಿನ ಸಲ ಗೋಳಗುಮ್ಮಟದ ಕೆಳಗೆ ನಿಂತಾಗ ಅಲ್ಲಿ ಮಲಗಿರುವ ಅರಸನನ್ನು ಈ ಕಾರಣಕ್ಕಾಗಿಯೂ ನೆನೆಯಬಹುದು.

ತಮ್ಮ ನೆಲೆಯಲ್ಲಿ ಮಾತೆವುಸ್ ಮೊದಲು ಕೈಹಾಕಿದ್ದು ಗುರುಗಳನ್ನು ಸಿದ್ಧಪಡಿಸುವ ಕೆಲಸಕ್ಕೆ. ಗೋವೆಯಲ್ಲಿ ಅವಕಾಶ ಸಿಗದ ಯುವಕರು ಗಡಿ ದಾಟಿ ಅವರ ಬಳಿಗೆ ಬಂದರು. ಅವರಿಗೆ ಕಲಿಸಿ, ಪಟ್ಟ ಕೊಟ್ಟು, ಸೇವೆಗೆ ಕಳಿಸುವುದೇ ಅವರ ಮುಖ್ಯ ಕಾಯಕವಾಯಿತು. ಈ ನಾಡಿನಲ್ಲಿ ಈ ನಾಡಿನವರ ಕೈಯಿಂದಲೇ ಸಂಸ್ಕಾರಗಳು ಸಿಗಬೇಕೆಂಬ ಕನಸು ಸಣ್ಣ ಪ್ರಮಾಣದಲ್ಲಿ ನನಸಾಗತೊಡಗಿತು.

ಆದರೆ ವಿರೋಧ ನಿಲ್ಲಲಿಲ್ಲ. ಅವರು ಮೂರನೆಯ ಸಲ ರೋಮಿಗೆ ಹೋಗಿ ತಮ್ಮ ಮೊರೆಯನ್ನು ಮುಂದಿಟ್ಟರು. ಪ್ರೊಪಗಾಂಡ ಅವರನ್ನು ಕೈಬಿಡಲಿಲ್ಲ. ಇಥಿಯೋಪಿಯಾದ ಹೊಣೆಯನ್ನೂ ಅವರ ಹೆಗಲಿಗೆ ಹಾಕಿ ಮತ್ತೆ ಪೂರ್ವಕ್ಕೆ ಕಳಿಸಿತು. ಆ ನಾಡಿನಲ್ಲಿ ನೆಲೆಯೂರುವುದು ಅವರಿಂದಾಗಲಿಲ್ಲ. ಕೊನೆಗೆ ಮತ್ತೆ ಬಿಜಾಪುರದ ನೆಲಕ್ಕೇ ಬಂದರು.

ಕೋಪ ಹಿಡಿದ ಕೈ

ಇಲ್ಲಿಂದ ಮುಂದೆ ಅವರ ಜೀವನದ ಕಷ್ಟದ ಭಾಗ. ಸಂತರ ಚರಿತ್ರೆ ಬರೆಯುವಾಗ ನಾವು ಇಂಥ ಭಾಗವನ್ನು ಬಿಟ್ಟುಬಿಡುವುದುಂಟು. ಮಾತೆವುಸ್ ಸಂತರೆಂದು ಘೋಷಿತರಾದವರಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳುವುದೇ ಒಳ್ಳೆಯದು.

ಮೂವತ್ತು ವರ್ಷಗಳ ಅವಮಾನ ಅವರೊಳಗೆ ಕಹಿಯಾಗಿ ಹೆಪ್ಪುಗಟ್ಟಿತ್ತು. 1653ರಲ್ಲಿ ಅವರು ಗೋವೆಯ ಬ್ರಾಹ್ಮಣರನ್ನು ಉದ್ದೇಶಿಸಿ ಒಂದು ಬರಹ ಬರೆದರು. ಬ್ರಾಹ್ಮಣರ ಕನ್ನಡಿ ಎಂಬ ಅರ್ಥದ ಹೆಸರು ಅದಕ್ಕೆ. ತಮ್ಮ ಜನ ಎಂಥ ಸ್ಥಿತಿಗೆ ಇಳಿದಿದ್ದಾರೆಂದು ತೋರಿಸಿ, ಪೋರ್ಚುಗೀಸರ ದಬ್ಬಾಳಿಕೆಯ ವಿರುದ್ಧ ಒಂದಾಗಿ ನಿಲ್ಲುವಂತೆ ಅದರಲ್ಲಿ ಅವರು ಕರೆಕೊಟ್ಟರು. ಪರಕೀಯರ ಆಳ್ವಿಕೆಯ ವಿರುದ್ಧ ಭಾರತೀಯನೊಬ್ಬ ಎತ್ತಿದ ಬಹಳ ಹಳೆಯ ದನಿಗಳಲ್ಲಿ ಇದೂ ಒಂದೆಂದು ಇತಿಹಾಸಕಾರರು ಅದನ್ನು ಗೌರವಿಸುತ್ತಾರೆ. ಅದರ ಹೆಸರಿನಲ್ಲಿಯೇ ಅದರ ಮಿತಿಯೂ ಇದೆ. ಬಣ್ಣದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡವರೊಂದಿಗೆ ಹೋರಾಡಿದ ಮನುಷ್ಯ ಸ್ವಂತ ಕುಲದ ಹೆಮ್ಮೆಯಿಂದ ಹೊರಬರಲಿಲ್ಲ. ಅವರು ಕರೆದದ್ದು ಬ್ರಾಹ್ಮಣರನ್ನು. ಗದ್ದೆಯಲ್ಲಿ ದುಡಿಯುವ, ಮೀನು ಹಿಡಿಯುವ ಕ್ರೈಸ್ತರನ್ನಲ್ಲ. ನಮಗಾದ ಅನ್ಯಾಯ ಕಾಣುವಷ್ಟು ಸುಲಭವಾಗಿ ನಾವು ಮಾಡುವ ಅನ್ಯಾಯ ಕಾಣುವುದಿಲ್ಲ.

1654ರಲ್ಲಿ ಬಿಜಾಪುರದ ಸೈನ್ಯ ಗೋವೆಯ ಬಾರ್ದೇಸ್ ಮತ್ತು ಸಾಷ್ಟಿ ಪ್ರಾಂತ್ಯಗಳ ಮೇಲೆ ನುಗ್ಗಿತು. ಪೋರ್ಚುಗೀಸರು ಅದನ್ನು ಹಿಮ್ಮೆಟ್ಟಿಸಿದರು. ಸುಲ್ತಾನನನ್ನು ಈ ದಾಳಿಗೆ ಹುರಿದುಂಬಿಸಿದವರು ಡಿಚೋಲಿಯ ಧರ್ಮಾಧ್ಯಕ್ಷರೇ ಎಂದು ಗೋವೆಯವರು ದೂರಿದರು. ಪೋರ್ಚುಗೀಸರ ಬದ್ಧವೈರಿಗಳಾದ ಡಚ್ಚರು ವೆಂಗುರ್ಲೆಯಲ್ಲಿ ಕೋಠಿ ಇಟ್ಟುಕೊಂಡಿದ್ದರು. ಅವರೊಡನೆಯೂ ಮಾತೆವುಸರಿಗೆ ಸಂಪರ್ಕವಿತ್ತು. ಡಚ್ಚರು ಕಥೋಲಿಕರಲ್ಲ ಎಂಬುದು ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ವೈರಿಯ ವೈರಿ ಮಿತ್ರನೆಂಬ ರಾಜಕಾರಣದ ಗಾದೆಗೆ ಕುರುಬನ ಕೋಲು ಹಿಡಿದ ಕೈಯೂ ಸೋತಿತ್ತು.

ಯುದ್ಧ ಬಂದಾಗ ಮೊದಲು ಬೆಂಕಿಗೆ ಬೀಳುವುದು ಬಡವರ ಗುಡಿಸಲು. ಬಾರ್ದೇಸಿನಲ್ಲಿ, ಸಾಷ್ಟಿಯಲ್ಲಿ ಇದ್ದವರು ಅವರದೇ ಜನ, ಅವರದೇ ಭಾಷೆಯವರು, ಅವರದೇ ವಿಶ್ವಾಸದವರು. ಯಾರ ಹಕ್ಕಿಗಾಗಿ ಅವರು ಜೀವಮಾನವಿಡೀ ಹೋರಾಡಿದರೋ ಆ ಮನೆಗಳ ಮೇಲೆಯೇ ಆ ಸೈನ್ಯ ಬಂದದ್ದು. ಸೈನ್ಯವನ್ನು ಕರೆಸುವಲ್ಲಿ ಅವರ ಪಾಲು ಎಷ್ಟೆಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಆದರೆ ಅವರ ಕೋಪ ನ್ಯಾಯವಾದದ್ದೇ ಆಗಿದ್ದರೂ, ಅದು ಹಿಡಿದ ದಾರಿ ಅವರನ್ನು ಬಲಿಪೀಠದಿಂದ ದೂರ ಒಯ್ದಿತೆಂದು ಒಪ್ಪಲೇಬೇಕು.

ರೋಮಿನ ತಾಳ್ಮೆಯೂ ಮುಗಿಯಿತು. 1658ರಲ್ಲಿ ಅವರು ನಾಲ್ಕನೆಯ ಮತ್ತು ಕೊನೆಯ ಸಲ ರೋಮ್ ಸೇರಿದರು. ಅಲ್ಲಿಂದ ಅವರು ಮರಳಿ ಬರಲಿಲ್ಲ.

ದೂರದ ಸಂಜೆ

ಅರವತ್ತು ದಾಟಿದ ಧರ್ಮಾಧ್ಯಕ್ಷರು ಇನ್ನೂ ಸುಮಾರು ಇಪ್ಪತ್ತು ವರ್ಷ ಬದುಕಿದರು. ಮಾಂಡವಿಯ ನೀರು, ತೆಂಗಿನ ತೋಟ, ಕೊಂಕಣಿಯ ಮಾತು, ಅನ್ನ ಸಾರು ಯಾವುದೂ ಇಲ್ಲದ ಊರಿನಲ್ಲಿ. 1677ರಲ್ಲಿ ರೋಮಿನಲ್ಲಿಯೇ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಗುರುವಾಗಬೇಕೆಂದು ನಡೆದು ಹೋದ ಊರಿನಲ್ಲಿಯೇ ಅವರ ದೇಹ ಮಣ್ಣಾಯಿತು.

ಸೋತು ಹೋದ ಜೀವನ ಎಂದು ಯಾರಿಗಾದರೂ ಅನಿಸಬಹುದು. ಆದರೆ ಬಿತ್ತಿದವನೇ ಕೊಯ್ಯಬೇಕೆಂಬ ನಿಯಮ ದೇವರ ಹೊಲದಲ್ಲಿಲ್ಲ.

ಅವರು ರೋಮಿಗೆ ಮರಳಿದ ಮರುವರ್ಷ, 1659ರಲ್ಲಿ, ಪ್ರೊಪಗಾಂಡ ತನ್ನ ವಿಕಾರ್ ಅಪೋಸ್ತಲಿಕರಿಗೆ ಒಂದು ಪ್ರಸಿದ್ಧ ಸೂಚನಾಪತ್ರ ಹೊರಡಿಸಿತು. ಸ್ಥಳೀಯರನ್ನು ಗುರುಗಳನ್ನಾಗಿ ಸಿದ್ಧಪಡಿಸಬೇಕು, ವಿಶ್ವಾಸಕ್ಕೂ ಸದಾಚಾರಕ್ಕೂ ವಿರುದ್ಧವಲ್ಲದ ನಾಡಿನ ಪದ್ಧತಿಗಳನ್ನು ಬದಲಿಸಲು ಹೋಗಬಾರದು, ರಾಜಕೀಯದಿಂದ ದೂರವಿರಬೇಕು ಎಂಬುದು ಅದರ ತಾತ್ಪರ್ಯ. ಮಾತೆವುಸರ ಹೋರಾಟದ ಒಳ್ಳೆಯ ಪಾಠ ಮತ್ತು ಕಹಿ ಪಾಠ ಎರಡೂ ಅದರಲ್ಲಿವೆಯೇನೋ ಎನ್ನಿಸುತ್ತದೆ.

ಅವರ ಸ್ಥಾನ ಖಾಲಿ ಉಳಿಯಲಿಲ್ಲ. 1669ರಲ್ಲಿ ಇನ್ನೊಬ್ಬ ಗೋವೆಯವರೇ ಆದ ಕುಸ್ತೊದಿಯೊ ದೆ ಪಿನ್ಯೊ ಅವರನ್ನು ಬಿಜಾಪುರ ಮತ್ತು ಗೋಲಕೊಂಡದ ವಿಕಾರ್ ಅಪೋಸ್ತಲಿಕರನ್ನಾಗಿ ನೇಮಿಸಲಾಯಿತು. ಮಾತೆವುಸರ ಸಂಬಂಧಿ, ಥಿಯಾಟಿನ್ ಸಭೆಯ ತೊಮಾಸ್ ದೆ ಕಾಸ್ತ್ರೊ ಧರ್ಮಾಧ್ಯಕ್ಷರಾಗಿ ಕೆನರಾ, ಮಲಬಾರಿನ ಹೊಣೆ ಹೊತ್ತು ಮಂಗಳೂರಿಗೆ ಬಂದರು. ಅಲ್ಲಿಯೂ ಅದೇ ಹಳೆಯ ಜಗಳ: ಕೆನರಾದ ಕ್ರೈಸ್ತರು ರೋಮಿನ ಧರ್ಮಾಧ್ಯಕ್ಷರ ಮಾತು ಕೇಳಬೇಕೋ, ಗೋವೆಯ ಮಾತು ಕೇಳಬೇಕೋ? ಯಾರು ನಡೆಸಿದ ಮದುವೆ ಸಿಂಧು, ಯಾರು ಕೇಳಿದ ಪಾಪನಿವೇದನೆ ಸಿಂಧು ಎಂದು ಜನ ತಲ್ಲಣಿಸಿದರು.

ಆಗ, 1681ರಲ್ಲಿ, ಗೋವೆಯ ಕಡೆಯ ಅಧಿಕಾರ ಹೊತ್ತು ಕೆನರಾಕ್ಕೆ ಬಂದವರು ಮೂವತ್ತು ವರ್ಷದ ಯುವಗುರು ಜೋಸೆಫ್ ವಾಜ್. ಅವರೂ ಗೋವೆಯ ಬ್ರಾಹ್ಮಣ ಮನೆತನದವರು, ಅವರೂ ಈ ನಾಡಿನ ಮಗನೆಂಬ ಕಾರಣಕ್ಕೆ ಮೇಲಿನ ಸ್ಥಾನಗಳಿಂದ ದೂರವಿಡಲ್ಪಟ್ಟ ತಲೆಮಾರಿನವರು. ಆದರೆ ಅವರು ಹಿಡಿದ ದಾರಿ ಬೇರೆ. ಜಗಳ ಬೆಳೆಸುವ ಬದಲು ತೊಮಾಸ್ ಧರ್ಮಾಧ್ಯಕ್ಷರನ್ನು ಕಂಡು ವಿನಯದಿಂದ ಮಾತಾಡಿದರು. ರೋಮಿನ ತೀರ್ಮಾನ ಬರುವವರೆಗೆ ಜನರ ಆತ್ಮಹಿತಕ್ಕೆ ತೊಂದರೆಯಾಗದಂತೆ ಶಾಂತಿಯ ದಾರಿ ಹುಡುಕಿದರು. ಊರೂರು ನಡೆದು, ಬರಿಗಾಲಲ್ಲಿ, ಚದುರಿದ ಮನೆಗಳನ್ನು ಒಂದುಗೂಡಿಸಿದರು. 1684ರಲ್ಲಿ ತೊಮಾಸ್ ಮಂಗಳೂರಿನಲ್ಲಿ ತೀರಿಕೊಂಡರು. ವಾಜ್ ಮುಂದೆ ಶ್ರೀಲಂಕೆಗೆ ಹೋಗಿ ಅಲ್ಲಿಯ ಧರ್ಮಸಭೆಯನ್ನು ಉಳಿಸಿದರು. 1711ರಲ್ಲಿ ಕ್ಯಾಂಡಿಯಲ್ಲಿ ಮೃತರಾದ ಅವರನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಇಬ್ಬರೂ ಒಂದೇ ನೆಲದವರು. ಇಬ್ಬರೂ ಒಂದೇ ಗೋಡೆಯ ಮುಂದೆ ನಿಂತವರು. ಒಬ್ಬರು ಗೋಡೆಯನ್ನು ಕೆಡವಲು ಹೋಗಿ ಕೈ ಗಾಯ ಮಾಡಿಕೊಂಡರು, ಇನ್ನೊಬ್ಬರು ಗೋಡೆಯ ಬುಡದಲ್ಲಿ ಗಿಡ ನೆಟ್ಟರು. ಆದರೆ ಗೋಡೆ ಇದೆ ಎಂದು ಮೊದಲು ಗಟ್ಟಿಯಾಗಿ ಹೇಳಿದವರಿಲ್ಲದಿದ್ದರೆ ಅದನ್ನು ದಾಟುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಸರಪಳಿಯ ಮುಂದಿನ ಕೊಂಡಿಗಳು

1686ರಲ್ಲಿ ಔರಂಗಜೇಬನ ಸೈನ್ಯದ ಮುಂದೆ ಬಿಜಾಪುರ ಬಿದ್ದಿತು. ರಾಜ್ಯವೇ ಹೋದ ಮೇಲೆ ಅದರ ಹೆಸರಿನ ಧರ್ಮಪ್ರಾಂತ್ಯ ಉಳಿಯುವುದು ಹೇಗೆ? ಅಧಿಕಾರ ಕ್ರಮೇಣ ಕಾರ್ಮೆಲ್ ಸಭೆಯ ಯೂರೋಪಿಯನ್ ಧರ್ಮಾಧ್ಯಕ್ಷರ ಕೈಗೆ ಹೋಯಿತು, 1720ರಲ್ಲಿ ಅವರ ನೆಲೆ ಮುಂಬಯಿಯಾಯಿತು. ಮುಂದೆ 1886ರಲ್ಲಿ ಪುಣೆ ಧರ್ಮಪ್ರಾಂತ್ಯವಾದಾಗ ಅದನ್ನು ನೋಡಿಕೊಂಡವರು ಜರ್ಮನಿಯಿಂದ ಬಂದ ಯೇಸುಸಭೆಯ ಗುರುಗಳು. ಬೈಡರ್‌ಲಿಂಡೆನ್, ಅವರ ನಂತರ 1907ರಲ್ಲಿ ಡೋರಿಂಗ್, ಇಬ್ಬರೂ ಜರ್ಮನ್ ಧರ್ಮಾಧ್ಯಕ್ಷರು. ಭಾರತದ ಮಗನಿಂದ ಆರಂಭವಾದ ಸಾಲು ಜರ್ಮನಿಯ ಮಕ್ಕಳ ಮೂಲಕ ಹರಿದು ಬಂತು. ಧರ್ಮಸಭೆಯ ಲೆಕ್ಕದಲ್ಲಿ ಯಾರೂ ಪರಕೀಯರಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಭಾರತೀಯರ ಸರದಿ ಮತ್ತೆ ಬರಲು ಬಹಳ ಕಾಲ ಹಿಡಿಯಿತು. 1923ರಲ್ಲಿ ತೂತುಕುಡಿಗೆ ತಿಬುರ್ತಿಯಸ್ ರೋಚ್ ಧರ್ಮಾಧ್ಯಕ್ಷರಾದಾಗ, ಆಧುನಿಕ ಕಾಲದ ಮೊದಲ ಭಾರತೀಯ ಲ್ಯಾಟಿನ್ ಧರ್ಮಾಧ್ಯಕ್ಷರೆಂದು ದೇಶವಿಡೀ ಸಂಭ್ರಮಿಸಿತು. 1953ರ ಸೆಪ್ಟೆಂಬರ್ 19ರಂದು ಗೋವೆ ಮತ್ತು ಪುಣೆ ಪ್ರಾಂತ್ಯಗಳ ಭಾಗಗಳನ್ನು ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾಯಿತು. ಗಮನಿಸಿ: ಯಾವ ಎರಡು ಅಧಿಕಾರಗಳ ನಡುವೆ ಸಿಕ್ಕಿ ಮಾತೆವುಸ್ ನಲುಗಿದರೋ ಆ ಎರಡರಿಂದಲೂ ನೆಲ ಪಡೆದು ಈ ಪ್ರಾಂತ್ಯ ಹುಟ್ಟಿತು. ಮೊದಲ ಧರ್ಮಾಧ್ಯಕ್ಷರು ಮೈಕಲ್ ರೋಡ್ರಿಗಸ್. ಅವರ ನಂತರ 1967ರಿಂದ 1994ರವರೆಗೆ ಇಗ್ನೇಷಿಯಸ್ ಲೋಬೊ, 1996ರಿಂದ 2004ರವರೆಗೆ ಬರ್ನಾರ್ಡ್ ಮೊರಾಸ್, 2006ರಿಂದ 2018ರವರೆಗೆ ಪೀಟರ್ ಮಚಾದೊ, 2019ರಲ್ಲಿ ಡೆರೆಕ್ ಫರ್ನಾಂಡಿಸ್. ಎಲ್ಲರೂ ಭಾರತೀಯರೇ. 1976ರಲ್ಲಿ ಕಾರವಾರ ಬೇರೆಯಾಯಿತು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯವಾದ ಮೇಲೆ ವಿಜಯಪುರ ಅದಕ್ಕೆ ಸೇರಿದೆ. ಬಾಗಲಕೋಟೆ ಜಿಲ್ಲೆಯ ನಾವು ಬೆಳಗಾವಿಗೆ ಸೇರಿದವರು. ಒಂದೇ ಇದಲ್ಕಾನಿನ ಎರಡು ತುಂಡುಗಳು.

ಇಂದು ಧರ್ಮಾಧ್ಯಕ್ಷರು ದೃಢೀಕರಣ ಸಂಸ್ಕಾರಕ್ಕೆ ಬಂದಾಗ ನಾವು ಹಾರ ಹಾಕುತ್ತೇವೆ, ಮಕ್ಕಳು ಕೈಮುಗಿದು ಸಾಲಾಗಿ ನಿಲ್ಲುತ್ತಾರೆ. ನಮ್ಮವರೇ ಒಬ್ಬರು ಶಿರಸ್ತ್ರಾಣ ಧರಿಸಿ, ಕೋಲು ಹಿಡಿದು ನಿಂತಿರುವುದು ನಮಗೆ ವಿಶೇಷವೆಂದೇ ಅನಿಸುವುದಿಲ್ಲ. ಹಾಗೆ ಅನಿಸದಿರುವುದೇ ಮಾತೆವುಸರ ಗೆಲುವು. ಅವರು ಪಟ್ಟ ಪಾಡು ಇಂದು ಯಾವ ಹುಡುಗನೂ ಪಡಬೇಕಾಗಿಲ್ಲ.

ಪ್ರಿಯ ಓದುಗರೇ, ಈ ಕಥೆಯನ್ನು ಮನೆಯಲ್ಲಿ ಸಂಜೆ ಜಪಸರವಾದ ಮೇಲೆ ಮಕ್ಕಳಿಗೆ ಹೇಳಿ. ಮಗನೋ ಮಗಳೋ ದೈವಕರೆಯ ಮಾತೆತ್ತಿದರೆ ಮನೆಯೇ ಮೊದಲ ಮುಚ್ಚಿದ ಬಾಗಿಲಾಗದಿರಲಿ. ನಮ್ಮ ಪಂಗಡದವರಲ್ಲ, ನಮ್ಮ ಭಾಷೆಯವರಲ್ಲ ಎಂದು ಗುರುಗಳನ್ನು ಅಳೆಯುವ ಅಭ್ಯಾಸ ನಮ್ಮಲ್ಲಿದ್ದರೆ, ನಾಲ್ಕು ನೂರು ವರ್ಷಗಳ ಹಿಂದೆ ಗೋವೆಯಲ್ಲಿ ಬಾಗಿಲು ಮುಚ್ಚಿದವರ ಕೈಯೇ ನಮ್ಮದೂ ಆದೀತು. ಇನ್ನು, ನಮಗೆ ನಿಜವಾಗಿಯೂ ಅನ್ಯಾಯವಾದಾಗ? ಅದನ್ನು ನುಂಗಿಕೊಂಡು ಸುಮ್ಮನಿರಬೇಕೆಂದು ಮಾತೆವುಸರ ಜೀವನ ಹೇಳುವುದಿಲ್ಲ. ಅವರು ನಾಲ್ಕು ಸಲ ರೋಮಿಗೆ ಹೋದರು, ಮೊರೆಯಿಡುವುದನ್ನು ಬಿಡಲಿಲ್ಲ. ಆದರೆ ನ್ಯಾಯಕ್ಕಾಗಿ ಎದ್ದ ಕೈ ಸೇಡಿಗೆ ಇಳಿದರೆ ಅದರ ಪೆಟ್ಟು ಬೀಳುವುದು ನಮ್ಮದೇ ಜನರ ಮೇಲೆ ಎಂಬುದನ್ನೂ ಅವರ ಜೀವನವೇ ಹೇಳುತ್ತದೆ.

ನವೆಂಬರ್ ತಿಂಗಳಲ್ಲಿ ನಾವು ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಬಲಿಪೂಜೆಗೆ ಕೊಡುತ್ತೇವೆ. ಅಜ್ಜ, ಅಜ್ಜಿ, ತಂದೆ, ತಾಯಿ, ಅಕಾಲದಲ್ಲಿ ಹೋದ ಕಂದ, ಹೀಗೆ. ಈ ಸಲ ಆ ಚೀಟಿಯ ಕೊನೆಯಲ್ಲಿ ಇನ್ನೊಂದು ಹೆಸರು ಸೇರಿಸೋಣ. ದೂರದ ರೋಮಿನ ಮಣ್ಣಿನಲ್ಲಿ ಮಲಗಿರುವ, ನಮ್ಮ ಈ ನಾಡಿನ ಹೆಸರಿನಲ್ಲಿ ಕೋಲು ಹಿಡಿದ ಮೊದಲ ಕುರುಬನ ಹೆಸರು.